ಟೋಕನ್ 12 ರದ್ದಾಯಿತು, ಸಾಲಿನಿಂದ ಹೋದದ್ದು 13: ಜಾವಾದ ‘ರಿಮೂವ್’ ಪ್ರಕರಣ

ಮೆಥಡ್ ಓವರ್‌ಲೋಡಿಂಗ್ ಕಲಿಸುವಾಗ ಸಾಮಾನ್ಯವಾಗಿ ಕೊಡುವ ಉದಾಹರಣೆ ‘ಆ್ಯಡ್’. ಎರಡು ಪೂರ್ಣಾಂಕ ಕೊಟ್ಟರೂ ಕೂಡುತ್ತದೆ, ಎರಡು ದಶಮಾಂಶ ಸಂಖ್ಯೆ ಕೊಟ್ಟರೂ ಕೂಡುತ್ತದೆ. ಹೆಸರು ಒಂದೇ, ಆರ್ಗ್ಯುಮೆಂಟ್‌ಗಳ ಟೈಪ್ ಬೇರೆ, ಯಾವುದನ್ನು ಕರೆಯಬೇಕೆಂದು ಕಂಪೈಲರ್ ನೋಡಿಕೊಳ್ಳುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಉದಾಹರಣೆ ಒಂದು ಮಾತನ್ನು ಹೇಳದೆಯೇ ಒಪ್ಪಿಸಿಬಿಡುತ್ತದೆ: ಒಂದೇ ಹೆಸರಿನ ಮೆಥಡ್‌ಗಳೆಲ್ಲ ಒಂದೇ ಕೆಲಸ ಮಾಡುತ್ತವೆ ಎಂದು. ಭಾಷೆಯ ನಿಯಮದಲ್ಲಿ ಅಂಥ ಖಾತರಿ ಎಲ್ಲೂ ಇಲ್ಲ. ಆ ಖಾತರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾವಾದ ಲಿಸ್ಟ್ ಇಂಟರ್‌ಫೇಸ್‌ನಲ್ಲಿರುವ ‘ರಿಮೂವ್’ಗಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಲಿಸ್ಟ್‌ನಲ್ಲಿ ಆ ಹೆಸರಿನ ಮೆಥಡ್‌ಗಳು ಎರಡು. ಒಂದು ಇಂಟ್, ಅಂದರೆ ಬರಿಯ ಪೂರ್ಣಾಂಕ, ತೆಗೆದುಕೊಳ್ಳುತ್ತದೆ. ಅದು ಆ ಸ್ಥಾನದಲ್ಲಿ (ಎಣಿಕೆ ಸೊನ್ನೆಯಿಂದ ಶುರು) ಇರುವುದನ್ನು ತೆಗೆದುಹಾಕಿ, ತೆಗೆದದ್ದನ್ನು ಹಿಂದಿರುಗಿಸುತ್ತದೆ. ಇನ್ನೊಂದು ಆಬ್ಜೆಕ್ಟ್ ತೆಗೆದುಕೊಳ್ಳುತ್ತದೆ. ಅದು ಕೊಟ್ಟ ಮೌಲ್ಯಕ್ಕೆ ಸಮನಾದ ಮೊದಲನೆಯದನ್ನು ಹುಡುಕಿ ತೆಗೆದು, ಸಿಕ್ಕಿತೋ ಇಲ್ಲವೋ ಎಂದು ಟ್ರೂ ಅಥವಾ ಫಾಲ್ಸ್ ಹೇಳುತ್ತದೆ. ಮೊದಲನೆಯದಕ್ಕೆ ಬೇಕಾದದ್ದು ‘ಎಲ್ಲಿ’, ಎರಡನೆಯದಕ್ಕೆ ‘ಯಾವುದು’. ಎರಡೂ ಬೇರೆಬೇರೆ ಪ್ರಶ್ನೆಗಳು.

ಟೋಕನ್ ಸಾಲು

ವಿಷಯವನ್ನು ಕೈಯಲ್ಲಿ ಹಿಡಿದು ನೋಡಲು ಒಂದು ಸಣ್ಣ ಪ್ರೋಗ್ರಾಂ ಕಟ್ಟಿಕೊಳ್ಳೋಣ. ಒಂದು ಕ್ಲಿನಿಕ್ಕಿನ ಕೌಂಟರ್. ಬಂದವರಿಗೆ 1ರಿಂದ ಶುರುವಾಗಿ ಟೋಕನ್ ಕೊಡುತ್ತಾರೆ, ಡಾಕ್ಟರು ಒಬ್ಬೊಬ್ಬರನ್ನೇ ಕರೆಯುತ್ತಾರೆ, ಕಾಯಲಾಗದವರು ಟೋಕನ್ ರದ್ದು ಮಾಡಿಸಿ ಹೊರಡುತ್ತಾರೆ. ಪ್ರೋಗ್ರಾಂನಲ್ಲಿ ‘ಸಾಲು’ ಎಂಬ ಒಂದು ಫೀಲ್ಡ್. (ಜಾವಾದಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಕಂಪೈಲರ್ ತಕರಾರು ಮಾಡುವುದಿಲ್ಲ. ಬೇಕಾದಷ್ಟು ಜನಕ್ಕೆ ಇದು ಗೊತ್ತಿಲ್ಲ.) ಆ ಫೀಲ್ಡ್‌ನ ಟೈಪ್ ಇಂಟಿಜರ್‌ಗಳ ಕ್ಯೂ, ಅದರೊಳಗೆ ಇಟ್ಟ ಆಬ್ಜೆಕ್ಟ್ ಲಿಂಕ್ಡ್‌ಲಿಸ್ಟ್. (ಇಂಟಿಜರ್ ಎಂದರೆ ಒಂದು ಇಂಟ್ ಅನ್ನು ಒಳಗಿಟ್ಟುಕೊಂಡ ಆಬ್ಜೆಕ್ಟ್.) ಟೋಕನ್ ಕೊಡಲು ‘ಆ್ಯಡ್’, ಮುಂದಿನವರನ್ನು ಕರೆಯಲು ‘ಪೋಲ್’. ರದ್ದು ಮಾಡುವ ಮೆಥಡ್ ಒಂದು ಇಂಟ್ ತೆಗೆದುಕೊಳ್ಳುತ್ತದೆ, ಅದರೊಳಗೆ ಇರುವುದು ಒಂದೇ ಸಾಲಿನ ಕೋಡ್:

ಸಾಲು.ರಿಮೂವ್(ಟೋಕನ್);

ಇದು ಸರಿಯಾಗಿ ಕೆಲಸ ಮಾಡುತ್ತದೆ. 12 ಕೊಟ್ಟರೆ 12ನೇ ಟೋಕನ್ ಹೋಗುತ್ತದೆ. ಎಷ್ಟು ದಿನ ಓಡಿಸಿದರೂ ತಪ್ಪು ಕಾಣಿಸುವುದಿಲ್ಲ, ಏಕೆಂದರೆ ತಪ್ಪು ಇಲ್ಲ.

ಈಗ ಒಂದು ಹೊಸ ಬೇಡಿಕೆ ಬರುತ್ತದೆ: ‘ನಿಮ್ಮ ಮುಂದೆ ಇನ್ನೂ ಎಷ್ಟು ಜನ ಇದ್ದಾರೆ’ ಎಂದು ಪರದೆಯ ಮೇಲೆ ತೋರಿಸಬೇಕು. ಅದಕ್ಕೆ ‘ಇಂಡೆಕ್ಸ್‌ಆಫ್’ ಬೇಕು. ಕ್ಯೂ ಇಂಟರ್‌ಫೇಸ್‌ನಲ್ಲಿ ಅದಿಲ್ಲ, ಲಿಸ್ಟ್‌ನಲ್ಲಿದೆ. ಒಳಗಿರುವ ಆಬ್ಜೆಕ್ಟ್ ಹೇಗೂ ಲಿಂಕ್ಡ್‌ಲಿಸ್ಟ್, ಅದಕ್ಕೆ ಎರಡೂ ಬರುತ್ತವೆ. ಹಾಗಾಗಿ ಫೀಲ್ಡ್‌ನ ಡಿಕ್ಲರೇಷನ್‌ನಲ್ಲಿ ‘ಕ್ಯೂ’ ಎಂದಿದ್ದ ಕಡೆ ‘ಲಿಂಕ್ಡ್‌ಲಿಸ್ಟ್’ ಎಂದು ಬರೆದರೆ ಮುಗಿಯಿತು. ಬದಲಾದದ್ದು ಒಂದು ಪದ. ಕಂಪೈಲ್ ಆಗುತ್ತದೆ, ಒಂದು ವಾರ್ನಿಂಗ್ ಕೂಡ ಇಲ್ಲ. ಹಳೆಯ ಟೆಸ್ಟ್ ಓಡಿಸಿದರೆ ಅದೂ ಪಾಸು. ಆ ಟೆಸ್ಟ್ ಮಾಡುತ್ತಿದ್ದದ್ದು ಇಷ್ಟು: 1, 2, 3 ಟೋಕನ್ ಕೊಡು, 2 ರದ್ದು ಮಾಡು, ಇಬ್ಬರು ಉಳಿದಿರಬೇಕು, ಮುಂದಿನವರನ್ನು ಕರೆದರೆ 1 ಬರಬೇಕು. ಇಬ್ಬರು ಉಳಿದಿದ್ದಾರೆ, 1 ಬಂದಿದೆ. ಆದರೆ ಉಳಿದ ಆ ಇಬ್ಬರು ಈಗ 1 ಮತ್ತು 2. ರದ್ದಾದದ್ದು 3.

ಕೌಂಟರಿನಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಬೆಳಿಗ್ಗೆ 30 ಟೋಕನ್ ಕೊಟ್ಟಾಗಿದೆ, ಡಾಕ್ಟರು ಇನ್ನೂ ಬಂದಿಲ್ಲ. 12ನೆಯವರು ಹೊರಟರು. ರಿಮೂವ್‌ಗೆ 12 ಹೋಯಿತು; ಸೊನ್ನೆಯಿಂದ ಎಣಿಸಿದರೆ 12ನೇ ಸ್ಥಾನದಲ್ಲಿರುವುದು ಟೋಕನ್ 13. ಅದು ಸದ್ದಿಲ್ಲದೆ ಹೋಯಿತು. ಡಾಕ್ಟರು ಬಂದು ಮೊದಲ ಐವರನ್ನು ನೋಡಿದರು. ಈಗ ಸಾಲಿನಲ್ಲಿ 6ರಿಂದ 30ರವರೆಗೆ, ನಡುವೆ 13 ಇಲ್ಲ, ಒಟ್ಟು 24 ಜನ. 20ನೆಯವರು ರದ್ದು ಮಾಡಿಸಿದರು. ಈ ಸಲ ಹೋದದ್ದು 27. ಉಳಿದವರು 23. ಆಮೇಲೆ 25ನೆಯವರು ಬಂದು ರದ್ದು ಮಾಡಿ ಎಂದಾಗ ಪ್ರೋಗ್ರಾಂ ಇಂಡೆಕ್ಸ್‌ಔಟ್‌ಆಫ್‌ಬೌಂಡ್ಸ್‌ಎಕ್ಸೆಪ್ಷನ್ ಎಸೆಯಿತು: ‘ಇಂಡೆಕ್ಸ್: 25, ಸೈಜ್: 23’.

ಮೂರು ರದ್ದತಿ, ಮೂರೂ ತಪ್ಪು. ದೂರು ಬಂದದ್ದು ಮೂರನೆಯದಕ್ಕೆ ಮಾತ್ರ. ಟೋಕನ್ ಸಂಖ್ಯೆ ಸಾಲಿನ ಉದ್ದಕ್ಕಿಂತ ಚಿಕ್ಕದಿದ್ದರೆ ಬೇರೊಬ್ಬರು ಮೌನವಾಗಿ ಮಾಯವಾಗುತ್ತಾರೆ. ಉದ್ದಕ್ಕೆ ಸಮ ಅಥವಾ ದೊಡ್ಡದಿದ್ದರೆ ಪ್ರೋಗ್ರಾಂ ಕೂಗುತ್ತದೆ. ಸಾಲು ಉದ್ದ ಇರುವ ಬೆಳಗಿನ ಹೊತ್ತು ಮೌನ, ಸಾಲು ಕರಗಿ ಟೋಕನ್ ಸಂಖ್ಯೆ ಏರುತ್ತಾ ಹೋದಂತೆ ಕೂಗು. ಇಲ್ಲಿ ನಿಜವಾದ ಅಪಾಯ ಇರುವುದು ಎಕ್ಸೆಪ್ಷನ್‌ನಲ್ಲಲ್ಲ. 13ನೇ ಟೋಕನ್ ಹಿಡಿದು ಕೂತ ಮನುಷ್ಯ ತನ್ನ ಸರದಿಗಾಗಿ ಕಾಯುತ್ತಲೇ ಇದ್ದಾನೆ, ಪರದೆಯಲ್ಲಿ 12 ಬಂದು ಹೋಗುತ್ತದೆ, ಆಮೇಲೆ 14 ಬರುತ್ತದೆ.

ತಪ್ಪು ಕಡೆ ಹುಡುಕಾಟ

ಇಂಥ ದೂರು ಕೈಗೆ ಬಂದಾಗ ಮೊದಲು ಹೊಳೆಯುವ ಉತ್ತರ ಬಹುಮಟ್ಟಿಗೆ ತಪ್ಪಾಗಿರುತ್ತದೆ, ಅದನ್ನು ಬಿಡಿಸಿ ಹೇಳಬೇಕು. ಲಾಗ್‌ನಲ್ಲಿ ಕಾಣುವುದು ‘25 ಮಿತಿ ಮೀರಿದೆ’ ಎಂಬ ಮಾತು. ಓದಿದವರಿಗೆ ಅನ್ನಿಸುವುದು: 25ನೇ ಟೋಕನ್ ಸಾಲಿನಲ್ಲಿ ಇರಲಿಲ್ಲ, ಬಹುಶಃ ಆಗಲೇ ಕರೆದುಬಿಟ್ಟಿದ್ದರು. ಹಾಗಾಗಿ ರಿಮೂವ್‌ಗೆ ಮುಂಚೆ ಒಂದು ‘ಇಫ್’ ಹಾಕಿ, ಸಂಖ್ಯೆ ಸೈಜ್‌ಗಿಂತ ಚಿಕ್ಕದಿದ್ದರೆ ಮಾತ್ರ ತೆಗೆ ಎಂದು ಬರೆಯುತ್ತಾರೆ. ಅಥವಾ ಎಕ್ಸೆಪ್ಷನ್ ಹಿಡಿದು ನುಂಗಿಬಿಡುತ್ತಾರೆ. ಎರಡೂ ಒಂದೇ ಕೆಲಸ ಮಾಡುತ್ತವೆ: ಇದ್ದ ಒಂದೇ ಕೂಗನ್ನೂ ಬಾಯಿ ಮುಚ್ಚಿಸುತ್ತವೆ. ಇನ್ನು ಮುಂದೆ ತಪ್ಪು ಟೋಕನ್‌ಗಳು ಮಾತ್ರ ರದ್ದಾಗುತ್ತಿರುತ್ತವೆ, ಲಾಗ್ ಶುಭ್ರವಾಗಿರುತ್ತದೆ.

ಸರಿಯಾದ ಸುಳಿವು ಆ ಸಂದೇಶದ ಮೊದಲ ಪದದಲ್ಲೇ ಇದೆ. ನಾವು ಟೋಕನ್ ಕೊಟ್ಟಿದ್ದೇವೆ, ಲೈಬ್ರರಿ ಅದನ್ನು ‘ಇಂಡೆಕ್ಸ್’ ಎಂದು ಕರೆಯುತ್ತಿದೆ. ಆಬ್ಜೆಕ್ಟ್ ತೆಗೆದುಕೊಳ್ಳುವ ರಿಮೂವ್ ಮಿತಿ ಮೀರಿದ ದೂರನ್ನು ಎಂದೂ ಕೊಡುವುದಿಲ್ಲ. ಸಿಗದಿದ್ದರೆ ಫಾಲ್ಸ್ ಎಂದು ಹೇಳಿ ಸುಮ್ಮನಾಗುತ್ತದೆ. ಇಂಡೆಕ್ಸ್ ಎಂಬ ಮಾತು ಬಂದಿತೆಂದರೆ ಕರೆ ಹೋದದ್ದು ಇಂಟ್ ತೆಗೆದುಕೊಳ್ಳುವ ಮೆಥಡ್‌ಗೆ. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಎಡಿಟರ್‌ನಲ್ಲಿ ಆ ‘ರಿಮೂವ್’ ಪದದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಯಾವ ಮೆಥಡ್‌ಗೆ ಒಯ್ಯುತ್ತದೆ ಎಂದು ನೋಡಬಹುದು. ಎಡಿಟರ್ ಇಲ್ಲದಿದ್ದರೆ ಜೆಡಿಕೆ ಜೊತೆಗೇ ಬರುವ ‘ಜಾವಾಪಿ’ ಉಪಕರಣದಿಂದ ಕ್ಲಾಸ್ ಫೈಲನ್ನು ಬಿಚ್ಚಿ ನೋಡಬಹುದು. ಬೈಟ್‌ಕೋಡ್‌ನಲ್ಲಿ ಪ್ರತಿ ಕರೆಯ ಜೊತೆ ಮೆಥಡ್ ಹೆಸರು ಮಾತ್ರವಲ್ಲ, ಅದರ ಆರ್ಗ್ಯುಮೆಂಟ್‌ಗಳ ಟೈಪ್ ಮತ್ತು ಹಿಂದಿರುಗಿಸುವ ಟೈಪ್ ಕೂಡ ಬರೆದಿರುತ್ತದೆ. ಹಳೆಯ ಫೈಲ್‌ನಲ್ಲಿ ‘ಆಬ್ಜೆಕ್ಟ್ ತೆಗೆದುಕೊಂಡು ಬೂಲಿಯನ್ ಕೊಡುವ ರಿಮೂವ್’ ಎಂದಿರುತ್ತದೆ, ಹೊಸದರಲ್ಲಿ ‘ಇಂಟ್ ತೆಗೆದುಕೊಂಡು ಆಬ್ಜೆಕ್ಟ್ ಕೊಡುವ ರಿಮೂವ್’. ನಮ್ಮ ಕಣ್ಣಿಗೆ ಒಂದೇ ಹೆಸರಾಗಿ ಕಂಡದ್ದು ಜಾವಾ ವರ್ಚುವಲ್ ಮೆಷಿನ್‌ಗೆ ಎಂದೂ ಒಂದೇ ಆಗಿರಲಿಲ್ಲ.

ಕಂಪೈಲರ್ ಹೇಗೆ ಆರಿಸಿತು

ಇಲ್ಲಿ ಓವರ್‌ಲೋಡಿಂಗ್ ಮತ್ತು ಓವರ್‌ರೈಡಿಂಗ್ ನಡುವಿನ ವ್ಯತ್ಯಾಸ ಪುಸ್ತಕದ ಕೋಷ್ಟಕ ಬಿಟ್ಟು ಕೌಂಟರಿಗೆ ಬರುತ್ತದೆ. ಆಬ್ಜೆಕ್ಟ್ ಎರಡೂ ಸಲ ಅದೇ ಲಿಂಕ್ಡ್‌ಲಿಸ್ಟ್. ರಿಮೂವ್ ಕರೆಯುವ ಕೋಡಿನ ಸಾಲು ಎರಡೂ ಸಲ ಅದೇ. ಬದಲಾದದ್ದು ಆ ಆಬ್ಜೆಕ್ಟನ್ನು ಹಿಡಿದಿರುವ ವೇರಿಯಬಲ್‌ನ ಘೋಷಿತ ಟೈಪ್ ಮಾತ್ರ. ಓವರ್‌ರೈಡಿಂಗ್‌ನಲ್ಲಿ, ಅಂದರೆ ಮೇಲಿನ ಕ್ಲಾಸಿನ ಮೆಥಡನ್ನು ಕೆಳಗಿನ ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆದಾಗ, ನಿರ್ಧಾರ ಆಗುವುದು ಪ್ರೋಗ್ರಾಂ ಓಡುವಾಗ, ಆಬ್ಜೆಕ್ಟ್ ನಿಜವಾಗಿ ಯಾವ ಕ್ಲಾಸಿನದು ಎಂದು ನೋಡಿ. ಓವರ್‌ಲೋಡಿಂಗ್‌ನಲ್ಲಿ ನಿರ್ಧಾರ ಆಗುವುದು ಕಂಪೈಲ್ ಮಾಡುವಾಗ, ಬರೆದಿಟ್ಟ ಟೈಪ್‌ಗಳನ್ನು ನೋಡಿ. ಆಮೇಲೆ ಅದು ಬದಲಾಗುವುದಿಲ್ಲ.

ಜಾವಾ ಭಾಷೆಯ ನಿಯಮಾವಳಿ ಈ ಆಯ್ಕೆಯನ್ನು ಮೂರು ಹಂತಗಳಲ್ಲಿ ಮಾಡಲು ಹೇಳುತ್ತದೆ. ಮೊದಲ ಹಂತದಲ್ಲಿ ಬಾಕ್ಸಿಂಗ್, ಅಂದರೆ ಇಂಟ್ ಅನ್ನು ಆಬ್ಜೆಕ್ಟ್‌ನೊಳಗೆ ತುಂಬುವುದು, ಇಲ್ಲ: ಇಂಟ್ ಇಂಟ್ ಆಗಿಯೇ, ಅಥವಾ ಹೆಚ್ಚೆಂದರೆ ಲಾಂಗ್, ಡಬಲ್‌ನಂಥ ಅಗಲವಾದ ಪ್ರಿಮಿಟಿವ್ (ಆಬ್ಜೆಕ್ಟ್ ಅಲ್ಲದ ಮೂಲ ಟೈಪ್) ಆಗಿ ಹೊಂದಬೇಕು. ಹೊಂದುವ ಮೆಥಡ್ ಒಂದಾದರೂ ಸಿಕ್ಕರೆ ಹುಡುಕಾಟ ಅಲ್ಲಿಗೆ ನಿಂತಿತು. ಸಿಗದಿದ್ದರೆ ಮಾತ್ರ ಎರಡನೇ ಹಂತ, ಅಲ್ಲಿ ಇಂಟ್ ಅನ್ನು ಇಂಟಿಜರ್ ಆಬ್ಜೆಕ್ಟ್‌ನೊಳಗೆ ತುಂಬಲು ಅಥವಾ ಅದರಿಂದ ಬಿಚ್ಚಲು ಅನುಮತಿ ಇದೆ. ಅಲ್ಲೂ ಸಿಗದಿದ್ದರೆ ಮೂರನೆಯದು, ಎಷ್ಟು ಆರ್ಗ್ಯುಮೆಂಟ್ ಬೇಕಾದರೂ ತೆಗೆದುಕೊಳ್ಳುವ ವೇರಿಯಬಲ್ ಆ್ಯರಿಟಿ ಮೆಥಡ್‌ಗಳು.

ವೇರಿಯಬಲ್ ‘ಕ್ಯೂ’ ಆಗಿದ್ದಾಗ ಕಂಪೈಲರ್‌ಗೆ ಕಾಣುತ್ತಿದ್ದ ರಿಮೂವ್‌ಗಳು ಏನೂ ತೆಗೆದುಕೊಳ್ಳದ ಒಂದು, ಆಬ್ಜೆಕ್ಟ್ ತೆಗೆದುಕೊಳ್ಳುವ ಒಂದು. ಇಂಟ್‌ಗೆ ಮೊದಲ ಹಂತದಲ್ಲಿ ಯಾವುದೂ ಹೊಂದಲಿಲ್ಲ, ಎರಡನೇ ಹಂತದಲ್ಲಿ ಬಾಕ್ಸಿಂಗ್ ಮಾಡಿ ಆಬ್ಜೆಕ್ಟ್‌ನದಕ್ಕೆ ಹೋಯಿತು. ಅದೃಷ್ಟಕ್ಕೆ ಅದೇ ನಮಗೆ ಬೇಕಾದದ್ದು. ವೇರಿಯಬಲ್ ‘ಲಿಂಕ್ಡ್‌ಲಿಸ್ಟ್’ ಆದ ಕೂಡಲೇ ಇಂಟ್ ತೆಗೆದುಕೊಳ್ಳುವ ರಿಮೂವ್ ಕೂಡ ಕಣ್ಣಿಗೆ ಬಿತ್ತು. ಅದು ಮೊದಲ ಹಂತದಲ್ಲೇ ನೇರವಾಗಿ ಹೊಂದುತ್ತದೆ. ಎರಡನೇ ಹಂತದ ಬಾಗಿಲು ತೆರೆಯುವ ಸಂದರ್ಭವೇ ಬರಲಿಲ್ಲ. ಇಲ್ಲಿ ಕಂಪೈಲರ್‌ಗೆ ಯಾವ ಗೊಂದಲವೂ ಇಲ್ಲ, ಅದಕ್ಕೇ ವಾರ್ನಿಂಗ್ ಕೂಡ ಇಲ್ಲ.

ಇದೇ ಬದಲಾವಣೆ ಇನ್ನೂ ಮೆಲ್ಲಗೆ ಆಗಬಹುದು. 2018ರಲ್ಲಿ ಬಂದ ಜಾವಾ 10ರಿಂದ ಲೋಕಲ್ ವೇರಿಯಬಲ್‌ಗಳಿಗೆ ಟೈಪ್ ಬರೆಯುವ ಬದಲು ‘ವಾರ್’ ಎಂದು ಬರೆದರೆ ಸಾಕು. ಬಲಗಡೆ ಹೊಸ ಲಿಂಕ್ಡ್‌ಲಿಸ್ಟ್ ಇದ್ದರೆ ಎಡಗಡೆಯ ವೇರಿಯಬಲ್‌ಗೂ ಅದೇ ಟೈಪ್ ಬರುತ್ತದೆ, ಕ್ಯೂ ಅಲ್ಲ. ಕೋಡನ್ನು ಚೊಕ್ಕ ಮಾಡುವಾಗ ‘ಕ್ಯೂ’ ಎಂದು ಉದ್ದಕ್ಕೆ ಬರೆದಿದ್ದನ್ನು ‘ವಾರ್’ ಮಾಡಿದವರು ಒಂದು ಮೆಥಡ್ ಕರೆಯ ಅರ್ಥವನ್ನೇ ಬದಲಿಸಿರುತ್ತಾರೆ. ರಿವ್ಯೂ ಮಾಡುವವರಿಗೆ ಡಿಫ್‌ನಲ್ಲಿ ರಿಮೂವ್ ಇರುವ ಸಾಲು ಕಾಣುವುದೇ ಇಲ್ಲ, ಅದು ಬದಲಾಗಿಲ್ಲವಲ್ಲ.

1996, 1998, 2004

ಈ ಎರಡು ಮೆಥಡ್‌ಗಳಿಗೆ ಒಂದೇ ಹೆಸರು ಯಾಕೆ ಬಂತು ಎಂದು ಹಿಂದಕ್ಕೆ ಹೋಗಿ ನೋಡಿದರೆ ಪ್ರಕರಣಕ್ಕೆ ಇನ್ನೊಂದು ಮುಖ ಸಿಗುತ್ತದೆ. 1996ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಮೊದಲ ಜಾವಾದಲ್ಲಿ ಲಿಸ್ಟ್ ಇರಲಿಲ್ಲ, ವೆಕ್ಟರ್ ಎಂಬ ಕ್ಲಾಸ್ ಇತ್ತು. ಅದರಲ್ಲಿ ಮೌಲ್ಯ ತೆಗೆಯುವುದಕ್ಕೆ ‘ರಿಮೂವ್‌ಎಲಿಮೆಂಟ್’, ಸ್ಥಾನದಿಂದ ತೆಗೆಯುವುದಕ್ಕೆ ‘ರಿಮೂವ್‌ಎಲಿಮೆಂಟ್‌ಆಟ್’. ಹೆಸರು ಎರಡು, ಗೊಂದಲ ಇಲ್ಲ. ಇವತ್ತಿಗೂ ವೆಕ್ಟರ್‌ನಲ್ಲಿ ಆ ಹಳೆಯ ಹೆಸರುಗಳು ಹಾಗೇ ಇವೆ. 1998ರ ಡಿಸೆಂಬರ್‌ನಲ್ಲಿ ಜಾವಾ 1.2 ಜೊತೆ ಜೋಶುವಾ ಬ್ಲಾಕ್ ಮುಂದಾಳತ್ವದಲ್ಲಿ ರೂಪುಗೊಂಡ ಕಲೆಕ್ಷನ್ಸ್ ಫ್ರೇಮ್‌ವರ್ಕ್ ಬಂತು. ಹೆಸರುಗಳು ಚಿಕ್ಕದಾದವು. ಎರಡೂ ‘ರಿಮೂವ್’ ಆದವು.

ಆ ದಿನಗಳ ಮಟ್ಟಿಗೆ ಅದು ಸುರಕ್ಷಿತವೇ ಆಗಿತ್ತು, ಇದನ್ನು ನ್ಯಾಯವಾಗಿ ಹೇಳಬೇಕು. 1998ರ ಜಾವಾದಲ್ಲಿ ಇಂಟ್ ಒಂದು ಲೋಕ, ಆಬ್ಜೆಕ್ಟ್ ಇನ್ನೊಂದು ಲೋಕ. ಲಿಸ್ಟ್‌ನಲ್ಲಿ ಸಂಖ್ಯೆ ಇಡಬೇಕಾದರೆ ಅದನ್ನು ಕೈಯಾರೆ ಇಂಟಿಜರ್ ಆಬ್ಜೆಕ್ಟ್ ಮಾಡಿ ಇಡಬೇಕಿತ್ತು, ತೆಗೆಯುವಾಗಲೂ ಹಾಗೆಯೇ. ಮೌಲ್ಯ ತೆಗೆಯಲು ಹೊರಟವರು ಬರೆಯುವ ಸಾಲಿನಲ್ಲೇ ಇಂಟಿಜರ್ ಎಂಬ ಪದ ಕಾಣುತ್ತಿತ್ತು. ಬರಿಯ ಇಂಟ್ ಕೊಟ್ಟರೆ ಅದು ಸ್ಥಾನ ಎಂಬುದರಲ್ಲಿ ಓದುವವರಿಗೂ ಸಂಶಯ ಇರುತ್ತಿರಲಿಲ್ಲ. ಒಂದಕ್ಕೊಂದು ದಾಟಲಾಗದಷ್ಟು ದೂರದ ಎರಡು ಟೈಪ್‌ಗಳಿಗೆ ಒಂದೇ ಹೆಸರು ಇಡುವುದು ಆಗ ತಪ್ಪೆನಿಸುತ್ತಿರಲಿಲ್ಲ.

2004ರ ಸೆಪ್ಟೆಂಬರ್‌ನಲ್ಲಿ ಜಾವಾ 5 ಬಂದಾಗ ಜೆನೆರಿಕ್ಸ್ ಜೊತೆಗೆ ಆಟೋಬಾಕ್ಸಿಂಗ್ ಕೂಡ ಬಂತು. ಇಂಟ್‌ನಿಂದ ಇಂಟಿಜರ್‌ಗೆ ಕಂಪೈಲರ್ ತಾನೇ ಸೇತುವೆ ಹಾಕತೊಡಗಿತು. ಆ್ಯಡ್‌ಗೆ ಇಂಟ್ ಕೊಟ್ಟರೂ ನಡೆಯಿತು, ಕಂಟೈನ್ಸ್‌ಗೆ ಕೊಟ್ಟರೂ ನಡೆಯಿತು, ಇಂಡೆಕ್ಸ್‌ಆಫ್‌ಗೂ ನಡೆಯಿತು. ಹಾಗಾದರೆ ರಿಮೂವ್‌ಗೂ ನಡೆಯಬೇಕಲ್ಲ ಎಂದು ಬರೆಯುವವರು ಅಂದುಕೊಳ್ಳುವುದು ಸಹಜ. ಆದರೆ ಅಷ್ಟು ಹೊತ್ತಿಗೆ ಜಗತ್ತಿನಲ್ಲಿ ಬರೆದಾಗಿದ್ದ ಕೋಡ್‌ನಲ್ಲಿ ಇಂಟ್ ಕೊಟ್ಟ ರಿಮೂವ್ ಎಂದರೆ ಸ್ಥಾನದಿಂದ ತೆಗೆ ಎಂದೇ ಅರ್ಥ. ಅದನ್ನು ಮುರಿಯುವಂತಿರಲಿಲ್ಲ. ಮೂರು ಹಂತಗಳ ನಿಯಮ ಇರುವುದೇ ಅದಕ್ಕೆ: 2004ಕ್ಕೆ ಮುಂಚಿನ ಯಾವ ಸರಿಯಾದ ಕರೆಯೂ ಹೊಸ ಸೌಲಭ್ಯಗಳಿಂದಾಗಿ ಅಸ್ಪಷ್ಟವಾಗಬಾರದು ಎಂದು. ಹಳೆಯ ಕೋಡನ್ನು ಕಾಪಾಡಲು ಕಟ್ಟಿದ ಗೋಡೆಯೇ ಹೊಸ ಕೋಡ್ ಬರೆಯುವವರು ಎಡವುವ ಕಲ್ಲಾಯಿತು. ಜೆನೆರಿಕ್ಸ್ ಮತ್ತು ಆಟೋಬಾಕ್ಸಿಂಗ್ ಸೇರಿ ಲಿಸ್ಟ್ ಇಂಟರ್‌ಫೇಸ್‌ಗೆ ಹಾನಿ ಮಾಡಿದವು ಎಂದು ಬ್ಲಾಕ್ ಅವರೇ ಆಮೇಲೆ ಬರೆದಿದ್ದಾರೆ.

ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯವಾಗಿ ಕಾಣುವುದು ಇದೇ. ಎರಡು ಮೆಥಡ್‌ಗಳು ಬೇರೆ ಕೆಲಸ ಮಾಡುತ್ತಿದ್ದರೂ, ಅವುಗಳ ಟೈಪ್‌ಗಳು ದೂರ ಇವೆ ಎಂಬ ಒಂದೇ ಭರವಸೆಯ ಮೇಲೆ ಒಂದೇ ಹೆಸರು ಕೊಟ್ಟಿದ್ದರು. ಆ ದೂರ ಲೈಬ್ರರಿಯ ಕೈಯಲ್ಲಿರಲಿಲ್ಲ, ಭಾಷೆಯ ಕೈಯಲ್ಲಿತ್ತು. ಆರು ವರ್ಷದೊಳಗೆ ಭಾಷೆ ಆ ದೂರವನ್ನು ಅಳಿಸಿತು. ಹೆಸರು ಎರಡಿದ್ದಿದ್ದರೆ ಭಾಷೆ ಏನು ಮಾಡಿದರೂ ಇಲ್ಲಿ ಏನೂ ಆಗುತ್ತಿರಲಿಲ್ಲ.

ಲಾಂಗ್ ಸರಿ, ಇಂಟ್ ತಪ್ಪು. ಮತ್ತು ಕನ್ನಡದ ‘ಕ’

ನಿಯಮ ಗೊತ್ತಾದ ಮೇಲೆ ಅದರ ವಿಚಿತ್ರ ಮೂಲೆಗಳೂ ಕಾಣತೊಡಗುತ್ತವೆ. ಟೋಕನ್ ಅನ್ನು ಇಂಟ್ ಬದಲು ಲಾಂಗ್ ಎಂದು ಇಟ್ಟುಕೊಂಡು, ಸಾಲನ್ನೂ ಲಾಂಗ್‌ಗಳ ಲಿಂಕ್ಡ್‌ಲಿಸ್ಟ್ ಮಾಡಿದ್ದರೆ ಅದೇ ಕೋಡ್ ಸರಿಯಾಗಿ ಓಡುತ್ತಿತ್ತು. ಲಾಂಗ್ ತಾನಾಗಿ ಇಂಟ್‌ಗೆ ಕುಗ್ಗುವುದಿಲ್ಲ, ಹಾಗಾಗಿ ಮೊದಲ ಹಂತದಲ್ಲಿ ಯಾವುದೂ ಹೊಂದದೆ ಎರಡನೇ ಹಂತದಲ್ಲಿ ಬಾಕ್ಸಿಂಗ್ ಆಗಿ ಮೌಲ್ಯದ ರಿಮೂವ್‌ಗೆ ಹೋಗುತ್ತದೆ. ಯಾರಾದರೂ ‘ದಿನಕ್ಕೆ ನೂರು ಟೋಕನ್‌ಗೆ ಲಾಂಗ್ ಯಾಕೆ’ ಎಂದು ಎರಡನ್ನೂ ಇಂಟ್ ಮಾಡಿದ ದಿನ ಕೆಡುತ್ತದೆ. ಶಾರ್ಟ್ ಮಾಡಿದರೂ ಕೆಡುತ್ತದೆ, ಏಕೆಂದರೆ ಶಾರ್ಟ್ ಬಾಕ್ಸಿಂಗ್ ಇಲ್ಲದೆಯೇ ಇಂಟ್ ಆಗಿ ಅಗಲವಾಗಬಲ್ಲದು.

ಕ್ಯಾರ್ ಟೈಪ್‌ನದು ಇನ್ನೂ ವಿಶೇಷ. ಜಾವಾದಲ್ಲಿ ಕ್ಯಾರ್ ಎಂದರೆ ಒಂದು ಅಕ್ಷರವೂ ಹೌದು, 16 ಬಿಟ್‌ನ ಸಂಖ್ಯೆಯೂ ಹೌದು, ಅದೂ ಕೇಳದೆ ಇಂಟ್ ಆಗಿ ಅಗಲವಾಗುತ್ತದೆ. ಮಕ್ಕಳಿಗೆ ವ್ಯಂಜನ ಕಲಿಸುವ ಒಂದು ಆಟ ಬರೆಯುತ್ತಿದ್ದೀರಿ ಎನ್ನಿ. ಅರೇಲಿಸ್ಟ್‌ನಲ್ಲಿ ‘ಕ’ದಿಂದ ‘ಳ’ವರೆಗೆ 34 ವ್ಯಂಜನಗಳು. ಮಗು ‘ಕ’ ಗುರುತಿಸಿತು, ಅದನ್ನು ಪಟ್ಟಿಯಿಂದ ತೆಗೆಯಲು ರಿಮೂವ್‌ಗೆ ‘ಕ’ ಎಂಬ ಕ್ಯಾರ್ ಕೊಟ್ಟಿರಿ. ಯೂನಿಕೋಡ್‌ನಲ್ಲಿ ‘ಕ’ದ ಸಂಖ್ಯೆ ದಶಮಾನದಲ್ಲಿ 3221. ಲೈಬ್ರರಿ 3221ನೇ ಸ್ಥಾನವನ್ನು ಹುಡುಕಿ, ಪಟ್ಟಿಯ ಉದ್ದ 34 ಮಾತ್ರ ಎಂದು ಎಕ್ಸೆಪ್ಷನ್ ಎಸೆಯುತ್ತದೆ. ಕನ್ನಡದ ಅಕ್ಷರಗಳೆಲ್ಲ ಯೂನಿಕೋಡ್‌ನಲ್ಲಿ 3200ರಿಂದ 3327ರ ನಡುವೆ ಇರುವುದರಿಂದ ಇಂಥ ಚಿಕ್ಕ ಪಟ್ಟಿಯಲ್ಲಿ ತಪ್ಪು ಮೊದಲ ಸಲವೇ ಕೂಗುತ್ತದೆ, ಮೌನವಾಗಿ ಬೇರೆ ಅಕ್ಷರ ತೆಗೆಯುವ ಸಾಧ್ಯತೆ ಇಲ್ಲ. ಟೋಕನ್ ಸಾಲಿಗೆ ಸಿಗದ ಭಾಗ್ಯ ಇದು.

ಬೇರೆಯವರು ಏನು ಮಾಡಿದರು

ಮೈಕ್ರೋಸಾಫ್ಟ್‌ನ ಸಿ ಶಾರ್ಪ್‌ನಲ್ಲಿ ಓವರ್‌ಲೋಡಿಂಗ್‌ಗೆ ಯಾವ ಅಡ್ಡಿಯೂ ಇಲ್ಲ. ಆದರೂ 2002ರ ಮೊದಲ ಡಾಟ್‌ನೆಟ್‌ನ ಅರೇಲಿಸ್ಟ್‌ನಿಂದಲೇ ಅಲ್ಲಿ ಮೌಲ್ಯಕ್ಕೆ ‘ರಿಮೂವ್’, ಸ್ಥಾನಕ್ಕೆ ‘ರಿಮೂವ್‌ಆಟ್’. ಜಾವಾದ ಮೇಲೆಯೇ ನಿಂತಿರುವ ಕಾಟ್ಲಿನ್ ಕೂಡ ಬದಲಾಯಿಸಬಹುದಾದ ಲಿಸ್ಟ್‌ಗೆ ಇದೇ ಜೋಡಿ ಹೆಸರು ಇಟ್ಟಿತು. ಹಾಗಾಗಿ ಇಂಟ್‌ಗಳ ಪಟ್ಟಿಯ ಮೇಲೆ ರಿಮೂವ್‌ಗೆ 3 ಕೊಟ್ಟರೆ ಕಾಟ್ಲಿನ್‌ನಲ್ಲಿ 3 ಎಂಬ ಮೌಲ್ಯ ಹೋಗುತ್ತದೆ, ಜಾವಾದಲ್ಲಿ ನಾಲ್ಕನೆಯದು ಹೋಗುತ್ತದೆ. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡೂ ಭಾಷೆ ಬಳಸುವ ಆಂಡ್ರಾಯ್ಡ್ ತಂಡಗಳು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಪ್ರಿಮಿಟಿವ್‌ಗಳಿಗೆಂದೇ ಇರುವ ಫಾಸ್ಟ್‌ಯೂಟಿಲ್ ಎಂಬ ಜಾವಾ ಲೈಬ್ರರಿಯ ಪಾಡು ಇನ್ನೂ ಕಷ್ಟದ್ದು. ಅದರ ಇಂಟ್ ಕಲೆಕ್ಷನ್‌ನಲ್ಲಿ ಮೌಲ್ಯವೂ ಇಂಟ್, ಸ್ಥಾನವೂ ಇಂಟ್. ಒಂದೇ ಹೆಸರಿನಲ್ಲಿ ಎರಡನ್ನೂ ಇಡಲು ಭಾಷೆಯೇ ಬಿಡುವುದಿಲ್ಲ. ಅದಕ್ಕೇ ಅವರು ಮೌಲ್ಯ ತೆಗೆಯುವ ಮೆಥಡ್‌ಗೆ ‘ರೆಮ್’ ಎಂದು ತುಂಡು ಹೆಸರು ಇಟ್ಟು, ಲಿಸ್ಟ್‌ನ ರಿಮೂವ್ ಜೊತೆ ಘರ್ಷಣೆ ಆಗುವುದರಿಂದ ಹೀಗೆ ಮಾಡಬೇಕಾಯಿತೆಂದು ದಾಖಲೆಯಲ್ಲೇ ಬರೆದಿದ್ದಾರೆ.

ಇದರಿಂದ ಓವರ್‌ಲೋಡಿಂಗೇ ಬೇಡ ಎಂದು ನಾನು ಹೇಳುತ್ತಿಲ್ಲ. ಜಾವಾದ ‘ಪ್ರಿಂಟ್‌ಲೈನ್’ ಹತ್ತು ರೂಪಗಳಲ್ಲಿದೆ, ಎಲ್ಲವೂ ಕೊಟ್ಟದ್ದನ್ನು ಬರೆದು ಹೊಸ ಸಾಲಿಗೆ ಹೋಗುತ್ತವೆ. ಯಾವುದು ಕರೆಯಲ್ಪಟ್ಟಿತು ಎಂದು ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದೇ ಭಾಷೆಯ ಡೇಟಾಔಟ್‌ಪುಟ್‌ಸ್ಟ್ರೀಮ್‌ನಲ್ಲಿ ‘ರೈಟ್‌ಇಂಟ್’, ‘ರೈಟ್‌ಲಾಂಗ್’ ಎಂದು ಬೇರೆಬೇರೆ ಹೆಸರುಗಳಿವೆ. ಅಲ್ಲಿ ಇಂಟ್ ನಾಲ್ಕು ಬೈಟ್ ಬರೆಯುತ್ತದೆ, ಲಾಂಗ್ ಎಂಟು. ಯಾವುದು ಹೋಯಿತು ಎಂಬುದರ ಮೇಲೆ ಓದುವವರ ಲೆಕ್ಕ ನಿಂತಿದೆ. ಎರಡೂ ಕಡೆ ಹೆಸರಿಟ್ಟವರು ಯೋಚಿಸಿ ಇಟ್ಟಿದ್ದಾರೆ. ಕರೆ ತಪ್ಪಿ ಪಕ್ಕದ ಮೆಥಡ್‌ಗೆ ಹೋದರೆ ಫಲಿತಾಂಶ ಬದಲಾಗುವುದಾದರೆ ಆ ಎರಡಕ್ಕೂ ಬೇರೆ ಹೆಸರು ಬೇಕು.

ರಿಪೇರಿ

ಮತ್ತೆ ಕೌಂಟರಿಗೆ ಬರೋಣ. ಅತಿ ಚಿಕ್ಕ ರಿಪೇರಿ ಎಂದರೆ ರಿಮೂವ್‌ಗೆ ಕೊಡುವ ಟೋಕನ್ ಅನ್ನು ‘ಇಂಟಿಜರ್.ವ್ಯಾಲ್ಯೂಆಫ್’ ಒಳಗೆ ಹಾಕುವುದು. ಆಗ ಮೊದಲ ಹಂತದಲ್ಲೇ ಆಬ್ಜೆಕ್ಟ್‌ನ ಮೆಥಡ್ ಹೊಂದುತ್ತದೆ. ಕೆಲಸ ಆಗುತ್ತದೆ, ಆದರೆ ನೋಡುವವರಿಗೆ ಅದು ಅನಗತ್ಯ ಎನಿಸುತ್ತದೆ. ‘ಬಾಕ್ಸಿಂಗ್ ತಾನೇ ಆಗುತ್ತದಲ್ಲ’ ಎಂದು ಮುಂದೊಂದು ದಿನ ಯಾರೋ ಅಳಿಸುತ್ತಾರೆ. ಪಕ್ಕದಲ್ಲಿ ಒಂದು ಸಾಲಿನ ಕಾಮೆಂಟ್ ಇಡಲೇಬೇಕು.

ಅದಕ್ಕಿಂತ ಗಟ್ಟಿಯಾದ ಕಾವಲು ಇನ್ನೊಂದಿದೆ, ಖರ್ಚಿಲ್ಲದ್ದು, ಕಡಿಮೆ ಜನ ಬಳಸುವಂಥದ್ದು. ಎರಡು ರಿಮೂವ್‌ಗಳ ಹಿಂದಿರುಗಿಸುವ ಟೈಪ್ ಬೇರೆ. ಫಲಿತಾಂಶವನ್ನು ಒಂದು ಬೂಲಿಯನ್ ವೇರಿಯಬಲ್‌ಗೆ ಹಾಕಿಕೊಂಡರೆ, ಕರೆ ಸ್ಥಾನದ ರಿಮೂವ್‌ಗೆ ಹೋದ ಕ್ಷಣ ಇಂಟಿಜರ್ ಅನ್ನು ಬೂಲಿಯನ್ ಮಾಡಲಾಗದು ಎಂದು ಕಂಪೈಲರ್ ನಿಲ್ಲಿಸುತ್ತದೆ. ನಮ್ಮ ಪ್ರೋಗ್ರಾಂ ಮೊದಲಿನಿಂದಲೂ ಹೀಗೆ ಬರೆದಿದ್ದರೆ, ಕ್ಯೂ ಅನ್ನು ಲಿಂಕ್ಡ್‌ಲಿಸ್ಟ್ ಮಾಡಿದ ದಿನವೇ ಕಂಪೈಲ್ ಆಗುತ್ತಿರಲಿಲ್ಲ. ರದ್ದಾಯಿತೋ ಇಲ್ಲವೋ ಎಂದು ಕೌಂಟರಿನವರಿಗೆ ತಿಳಿಸಲು ಆ ಬೂಲಿಯನ್ ಹೇಗೂ ಬೇಕು.

2014ರ ಜಾವಾ 8ರಲ್ಲಿ ಬಂದ ‘ರಿಮೂವ್‌ಇಫ್’ ಕೂಡ ಒಂದು ದಾರಿ, ಅಲ್ಲಿ ಸ್ಥಾನದ ಗೊಂದಲವೇ ಇಲ್ಲ. ಆದರೆ ಅದು ಹೊಂದುವ ಎಲ್ಲವನ್ನೂ ತೆಗೆಯುತ್ತದೆ, ಮೊದಲನೆಯದನ್ನು ಮಾತ್ರವಲ್ಲ. ಜೊತೆಗೆ ಹೋಲಿಸುವ ಎರಡೂ ಕಡೆ ಇಂಟಿಜರ್ ಆಬ್ಜೆಕ್ಟ್ ಇದ್ದು ಎರಡು ಸಮ ಚಿಹ್ನೆ ಬಳಸಿದರೆ, ಮೌಲ್ಯದ ಬದಲು ಆಬ್ಜೆಕ್ಟ್‌ಗಳ ಗುರುತನ್ನು ಹೋಲಿಸಿದಂತಾಗುತ್ತದೆ. ಬಾಕ್ಸಿಂಗ್ ಮಾಡುವಾಗ ಮೈನಸ್ 128ರಿಂದ 127ರವರೆಗಿನ ಇಂಟಿಜರ್‌ಗಳನ್ನು ಜಾವಾ ಮರುಬಳಸುವುದರಿಂದ, 127ನೇ ಟೋಕನ್‌ವರೆಗೆ ಸರಿಹೋಗಿ 128ನೆಯದಕ್ಕೆ ಕೆಡುತ್ತದೆ. ‘ಈಕ್ವಲ್ಸ್’ ಬಳಸಬೇಕು. ಲಿಂಕ್ಡ್‌ಹ್ಯಾಶ್‌ಸೆಟ್‌ಗೆ ಬದಲಾಯಿಸುವುದು ಮತ್ತೊಂದು ದಾರಿ. ಅದು ಸೇರಿಸಿದ ಕ್ರಮವನ್ನು ಉಳಿಸಿಕೊಳ್ಳುತ್ತದೆ, ಸ್ಥಾನದಿಂದ ತೆಗೆಯುವ ಮೆಥಡ್ ಅದರಲ್ಲಿ ಇಲ್ಲವೇ ಇಲ್ಲ. ಮುಂದೆ ಎಷ್ಟು ಜನ ಎಂಬುದನ್ನು ಮಾತ್ರ ನಾವೇ ಎಣಿಸಬೇಕು.

ನಾನು ಆರಿಸುವುದು ಇವುಗಳಲ್ಲಿ ಯಾವುದನ್ನೂ ಅಲ್ಲ. ಟೋಕನ್ 12 ಮತ್ತು ಟೋಕನ್ 13 ಅನ್ನು ನಾವು ಎಂದೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಒಬ್ಬ ಮನುಷ್ಯನ ಗುರುತು, ಸಂಖ್ಯೆಯ ವೇಷದಲ್ಲಿದೆ ಅಷ್ಟೆ. ಜಾವಾ 16ರಿಂದ, ಅಂದರೆ 2021ರಿಂದ, ‘ರೆಕಾರ್ಡ್’ ಎಂಬ ಚಿಕ್ಕ ಕ್ಲಾಸನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ‘ಟೋಕನ್’ ಎಂಬ ರೆಕಾರ್ಡ್, ಅದರೊಳಗೆ ಒಂದು ಇಂಟ್. ಸಮಾನತೆಯನ್ನು ಅದು ತಾನೇ ಮೌಲ್ಯದಿಂದ ನೋಡುತ್ತದೆ. ಸಾಲು ಈಗ ಟೋಕನ್‌ಗಳ ಲಿಂಕ್ಡ್‌ಲಿಸ್ಟ್, ರದ್ದು ಮಾಡುವ ಮೆಥಡ್ ತೆಗೆದುಕೊಳ್ಳುವುದು ಒಂದು ಟೋಕನ್. ಅದನ್ನು ರಿಮೂವ್‌ಗೆ ಕೊಟ್ಟರೆ ಇಂಟ್‌ನ ಮೆಥಡ್ ಯಾವ ಹಂತದಲ್ಲೂ ಹೊಂದಲಾರದು. ಕ್ಯೂ ಎಂದು ಘೋಷಿಸಿ, ಲಿಸ್ಟ್ ಎಂದು ಘೋಷಿಸಿ, ‘ವಾರ್’ ಎಂದು ಬರೆಯಿರಿ, ಅರ್ಥ ಬದಲಾಗುವುದಿಲ್ಲ. 1998ರಲ್ಲಿ ಆ ಎರಡು ಮೆಥಡ್‌ಗಳ ನಡುವೆ ಇದ್ದ ದೂರವನ್ನು ನಮ್ಮ ಪ್ರೋಗ್ರಾಂನೊಳಗೆ ನಾವೇ ಮತ್ತೆ ಇಟ್ಟಂತಾಯಿತು.

ಟೆಸ್ಟ್ ಕೂಡ ಬದಲಾಗಬೇಕು. ಎಷ್ಟು ಜನ ಉಳಿದರು ಎಂದು ಎಣಿಸಿದರೆ ಸಾಲದು, ಯಾರು ಉಳಿದರು ಎಂದು ಹೆಸರು ಹಿಡಿದು ನೋಡಬೇಕು. ಟೆಸ್ಟ್‌ಗೆ 1, 2, 3 ಬೇಡ, 101, 102, 103 ಕೊಡಿ. ಆಗ ಯಾರಾದರೂ ಎಲ್ಲಾದರೂ ಟೋಕನ್ ಅನ್ನು ಸ್ಥಾನವೆಂದು ಬಗೆದರೆ, ಮೂರು ಜನರ ಸಾಲಿನಲ್ಲಿ 102ನೇ ಸ್ಥಾನ ಸಿಗದೆ ಟೆಸ್ಟ್ ಅಲ್ಲೇ ಬೀಳುತ್ತದೆ.